ಗಡಾಯಿಕಲ್ಲಿನ ಮೇಲೆ ಒಂದು ದಿನ

ಬಂಟವಾಳದಿಂದ ಪುಂಜಾಲಕಟ್ಟೆ, ಮಡಂತ್ಯಾರು ಮಾರ್ಗವಾಗಿ ಬೆಳ್ತಂಗಡಿಗೆ ಹೋಗುವವರಿಗೂ, ಮೂಡಬಿದಿರೆಯಿಂದ ವೇಣೂರು ಮಾರ್ಗವಾಗಿ ಅಲ್ಲಿಗೆ ಬರುವವರಿಗೂ ಗುರುವಾಯನಕೆರೆಯಲ್ಲಿ ದಾರಿ ಒಂದಾಗುತ್ತದೆ. ಅಲ್ಲಿಂದ ಮುಂದೆ ಅಡಿಕೆ ತೋಟಗಳ ತಲೆಯ ಮೇಲಿಂದ ಒಂದು ಬೋಳು ಬಂಡೆಯು ಆಕಾಶಕ್ಕೆ ಒರಗಿ ನಿಂತಿರುವುದನ್ನು ಕಾಣಬಹುದು. ಅದರ ಹಿಂದಣ ಘಟ್ಟಗಳ ಸಾಲು ಅದಕ್ಕಿಂತ ಎಷ್ಟೋ ಎತ್ತರವಾದುದು; ಕುದುರೆಮುಖದ ಶಿಖರವಂತೂ 1894 ಮೀಟರು. ಆದರೂ ಪ್ರಯಾಣಿಕರ ಕಣ್ಣು ಮೊದಲು ಬೀಳುವುದು ಈ ಒಂಟಿ ಕಲ್ಲಿನ ಮೇಲೆಯೇ. ಗುಂಪಿನಿಂದ ಹೊರಗೆ ನಿಂತವರನ್ನು ಲೋಕವು ಮೊದಲು ನೋಡುವುದಷ್ಟೆ? ಈ ಬಂಡೆಯೂ ಹಾಗೆಯೇ ಬೆಟ್ಟಗಳ ಸಾಲನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಿದೆ.

ಊರಿನವರು ಇದನ್ನು ಗಡಾಯಿಕಲ್ಲು ಎನ್ನುತ್ತಾರೆ. ಇದರ ಹಳೆಯ ಹೆಸರು ನರಸಿಂಹಗಡ. ಟಿಪ್ಪು ಸುಲ್ತಾನನು 1794ರಲ್ಲಿ ಇದರ ಮೇಲೆ ಕೋಟೆಯನ್ನು ಕಟ್ಟಿಸಿ ತನ್ನ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನೆಂಬುದು ಪ್ರತೀತಿ. ಸಮುದ್ರಮಟ್ಟದಿಂದ ಸುಮಾರು 1700 ಅಡಿ ಎತ್ತರ. ಏರುವುದಕ್ಕೆ ಒಂದೇ ದಾರಿ. ನಮ್ಮ ಕಡೆಯ ನೆಲವೆಲ್ಲ ಮುರಕಲ್ಲಿನದು. ಮನೆಯ ಗೋಡೆಗೂ ಬಾವಿಯ ಕಟ್ಟೆಗೂ ಅದನ್ನೇ ಕಡಿದು ತರುತ್ತೇವೆ. ಈ ಬಂಡೆಯಾದರೋ ಉಳಿಯು ಸಹ ಸುಲಭವಾಗಿ ಒಪ್ಪದ ಕರಿಯ ಗಟ್ಟಿಶಿಲೆ. ಅದೇ ದಾರಿಯಲ್ಲಿ ವೇಣೂರಿನಲ್ಲಿ 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಮೂರ್ತಿಯುಂಟು. ಮೂಡಬಿದಿರೆಯಲ್ಲಿ 1430ರ ಸುಮಾರಿಗೆ ಎದ್ದ ಸಾವಿರಕಂಬದ ಬಸದಿಯುಂಟು. ಅಲ್ಲೆಲ್ಲ ಶಿಲೆಯು ಮನುಷ್ಯನ ಕೈಗೆ ಮೆತ್ತಗಾಗಿ ಹೂವಾಗಿ ಬಳ್ಳಿಯಾಗಿ ಅರಳಿದೆ. ಗಡಾಯಿಕಲ್ಲಿನಲ್ಲಿ ಮನುಷ್ಯನು ಬರೆದುದು ಮೆಟ್ಟಿಲುಗಳನ್ನು ಮಾತ್ರ. ಬಂಟವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಕೊಡಗಿನ ನಾಡನ್ನು ಹುತ್ತರಿಯ ಹಾಡಿನಲ್ಲಿ ಕೊಂಡಾಡಿದರು. ಈ ಕಲ್ಲನ್ನು ಹಾಡಿದ ಕವಿಯನ್ನು ನಾನಂತೂ ಕಂಡಿಲ್ಲ.

ಈ ಸಂಚಿಕೆಯನ್ನು ಓದುವ ಸಹೋದರಿಯರಲ್ಲಿ ಅನೇಕರು ಕಾರಿಂಜಕ್ಕೆ ಹೋಗಿರಬಹುದು. ಅಲ್ಲಿ ಕೆಳಗೆ ಪಾರ್ವತಿಯ ಗುಡಿ, ಮೇಲೆ ಈಶ್ವರನ ಗುಡಿ, ನಡುವೆ ಅನ್ನಕ್ಕಾಗಿ ಕಾಯುವ ಕಪಿಗಳ ಹಿಂಡು. ನರಹರಿಪರ್ವತವನ್ನು ಏರಿದವರೂ ಇರುವರು. ಅಲ್ಲಿ ಶಂಖ, ಚಕ್ರ, ಗದೆ, ಪದ್ಮಗಳೆಂಬ ನಾಲ್ಕು ತೀರ್ಥಗಳುಂಟು. ನಮ್ಮ ಸೀಮೆಯ ಹೆಂಗಸರು ಗುಡ್ಡವನ್ನು ಏರುವವರೇ ಅಲ್ಲವೆಂದು ಹೇಳಲಾಗದು. ಹರಕೆಯೊಂದಿದ್ದರೆ ಮುದುಕಿಯರು ಸಹ ಬರಿಗಾಲಿನಲ್ಲಿ ಏರುತ್ತಾರೆ. ಆದರೆ ಗಡಾಯಿಕಲ್ಲಿನ ತುದಿಯಲ್ಲಿ ಹರಕೆ ಸಲ್ಲಿಸುವ ಗುಡಿಯಿಲ್ಲ, ಜಾತ್ರೆಯಿಲ್ಲ. ಆದುದರಿಂದ ಅದರ ಬುಡದಲ್ಲಿಯೇ ಹುಟ್ಟಿ ಬೆಳೆದು ಮುದುಕಿಯರಾದವರಿಗೆ ಸಹ ಅದನ್ನು ಏರುವ ಕಾರಣವು ಒದಗಲಿಲ್ಲ. ಸೌದೆಗೆ, ಸೊಪ್ಪಿಗೆ, ಮುಳಿಹುಲ್ಲಿಗೆ ತಪ್ಪಲಿನವರೆಗೆ ಹೋದರು. ಅಲ್ಲಿಂದ ಹಿಂದೆ ಬಂದರು. ಈಗ ಭಾನುವಾರಗಳಲ್ಲಿ ತರುಣರ ಗುಂಪುಗಳು ಬರುತ್ತವೆ. ವಾರದ ನಡುವೆ ಅಲ್ಲಿ ಕಾಗೆಯ ಕೂಗು ಕೇಳಿದರೆ ಹೆಚ್ಚು.

ನನ್ನ ತಾಯಿಯವರು ಲಾಯಿಲದ ಕಡೆಯಲ್ಲಿ ತಮ್ಮ ಹದಿನೆಂಟನೆಯ ವಯಸ್ಸಿನಿಂದ ಅರುವತ್ತಾರು ವರ್ಷಗಳ ಕಾಲ ಒಂದೇ ಮನೆಯಲ್ಲಿ ಬಾಳಿದವರು. ಆ ಮನೆಯ ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಎದುರಿಗೇ ಕಾಣುತ್ತದೆ. ಬೆಳಗ್ಗೆ ಮುಖ ತೊಳೆಯುವಾಗ ಅವರು ಅದನ್ನು ನೋಡಿ ಮಳೆಯನ್ನು ಹೇಳುತ್ತಿದ್ದರು. ಕಲ್ಲು ಹತ್ತಿರ ಬಂದಂತೆ ಕಂಡರೆ ಸಂಜೆಯೊಳಗೆ ಮಳೆ. ತಲೆಗೆ ಮಂಜಿನ ಮುಂಡಾಸು ಸುತ್ತಿದ್ದರೆ ಅಡಿಕೆಯನ್ನು ಅಂಗಳಕ್ಕೆ ಹಾಕಬಾರದು. ಹವಾಮಾನದ ಇಲಾಖೆಯವರು ತಪ್ಪಿದರೂ ತಾಯಿಯವರು ತಪ್ಪಿದ್ದು ಅಪರೂಪ. ನನ್ನ ತಂದೆಯವರು ಮದುವೆಗೆ ಮುಂಚೆ ಒಮ್ಮೆ ಆ ಕಲ್ಲನ್ನು ಏರಿದ್ದರಂತೆ. ಮೇಲೆ ಏನಿದೆ ಎಂದು ತಾಯಿಯವರು ಕೇಳಿದ್ದಕ್ಕೆ, “ಏನೂ ಇಲ್ಲ, ಕಲ್ಲು” ಎಂದಿದ್ದರಂತೆ. ಆಮೇಲೆ ನನ್ನ ಅಣ್ಣನು ಕಾಲೇಜಿನ ದಿನಗಳಲ್ಲಿ ಸ್ನೇಹಿತರೊಂದಿಗೆ ಹೋಗಿ ಬಂದನು. ಅವನೂ “ಏನೂ ಇಲ್ಲ” ಎಂದನು. ತಾಯಿಯವರಿಗೆ ಈ ಉತ್ತರವು ಒಂದು ದಿನವೂ ಒಪ್ಪಿಗೆಯಾಗಲಿಲ್ಲ. “ಗಂಡಸರು ಏನೂ ಇಲ್ಲ ಎಂದರೆ ಅವರು ನೋಡಲಿಲ್ಲ ಎಂದರ್ಥ. ಅಡಿಗೆಮನೆಯಲ್ಲಿ ಉಪ್ಪಿನ ಭರಣಿ ಎಲ್ಲಿದೆಯೆಂದು ಕೇಳಿದರೂ ಹೀಗೆಯೇ ಹೇಳುತ್ತಾರೆ” ಎಂದು ಅವರು ನಮ್ಮ ಬಳಿ ಹೇಳಿ ನಗುತ್ತಿದ್ದರು.

2018ನೆಯ ಇಸವಿಯ ಮೇ ತಿಂಗಳಲ್ಲಿ ನಾನು ಮೂಡಬಿದಿರೆಯ ಕಡೆಯಲ್ಲಿ ಮಾಡುತ್ತಿದ್ದ ಅಧ್ಯಾಪಕಿಯ ಕೆಲಸದಿಂದ ನಿವೃತ್ತಳಾಗಿ ಬಂಟವಾಳದ ನಮ್ಮ ಮನೆಯಲ್ಲಿದ್ದೆನು. ಅದೇ ವರ್ಷದ ಕೊನೆಗೆ ತಾಯಿಯವರನ್ನು ಬೆಂಗಳೂರಿಗೆ ಅಣ್ಣನ ಮನೆಗೆ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಎಂಭತ್ತನಾಲ್ಕು ವರ್ಷದವರನ್ನು ತೋಟದ ಮನೆಯಲ್ಲಿ ಒಂಟಿಯಾಗಿ ಬಿಡುವಂತಿರಲಿಲ್ಲ. ತೋಟವನ್ನು ನೋಡಿಕೊಳ್ಳುವವರೂ ಇರಲಿಲ್ಲ. ಮನೆಯ ಕ್ರಯದ ಮಾತು ಮುಗಿದಿತ್ತು. ತಾಯಿಯವರು ಇದಕ್ಕೆ ಎದುರಾಡಲಿಲ್ಲ, ಅಳಲೂ ಇಲ್ಲ. ಡಿಸೆಂಬರ್ ಮೊದಲಿನಲ್ಲಿ ಪಾತ್ರೆಗಳನ್ನು ವಿಂಗಡಿಸಲು ನಾನು ಹೋದಾಗ ಅಂಗಳದ ಕಟ್ಟೆಯ ಮೇಲೆ ಕುಳಿತು ಕಲ್ಲಿನ ಕಡೆಗೆ ನೋಡುತ್ತಾ, “ಮಗಾ, ನೀನಾದರೂ ಒಮ್ಮೆ ಹೋಗಿ ನೋಡಿ ಬಂದು ಹೇಳು. ಅಲ್ಲಿ ನೀರು ಉಂಟೋ? ನೆರಳು ಉಂಟೋ? ಆ ಸಿಪಾಯಿಗಳು ಅನ್ನ ಎಲ್ಲಿ ಬೇಯಿಸಿದರು? ಅಕ್ಕಿ, ಉಪ್ಪು ಯಾರು ಹೊತ್ತರು? ಬೆಂಗಳೂರಿಗೆ ಹೋದ ಮೇಲೆ ನನಗೆ ಇದನ್ನು ಹೇಳುವವರಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಒಬ್ಬಳೇ ಹೋಗು. ಜತೆಯಿದ್ದರೆ ಮಾತಾಡುತ್ತಾ ಹೋಗುತ್ತೀ, ನೋಡುವುದಿಲ್ಲ” ಎಂದೂ ಸೇರಿಸಿದರು. ಅರುವತ್ತು ವರ್ಷಗಳಲ್ಲಿ ಅವರು ನನ್ನಿಂದ ಬೇಡಿದುದು ಇದೊಂದೇ.

ಮನೆಯವರಿಗೆ ಈ ಸಂಗತಿಯನ್ನು ತಿಳಿಸಿದಾಗ ಉಂಟಾದ ಚರ್ಚೆಯನ್ನೆಲ್ಲ ಇಲ್ಲಿ ಬರೆದರೆ ಸಂಚಿಕೆಯ ಪುಟಗಳು ಸಾಲವು. ಗಂಡನಾದವರು ತಾವೂ ಬರುತ್ತೇನೆಂದರು. ಅವರ ಮೊಣಕಾಲಿನ ಸ್ಥಿತಿಯನ್ನು ನಾನು ನೆನಪಿಗೆ ತಂದೆನು. ನಾದಿನಿಯವರು ದೂರವಾಣಿಯಲ್ಲಿ ಹಾವು, ಕಾಡುಕೋಣ, ಕುಡುಕರು ಎಂಬ ಮೂರು ಅಪಾಯಗಳನ್ನು ಹೇಳಿದರು. ಮಗಳು, “ಅಮ್ಮ, ನಾನು ಒಬ್ಬಳೇ ಹೋಗುತ್ತೇನೆಂದರೆ ನೀವು ಬಿಡುತ್ತಿದ್ದಿರಾ?” ಎಂದು ಕೇಳಿದಳು. ಈ ಪ್ರಶ್ನೆಗೆ ನಾನು ಉತ್ತರ ಕೊಡಲು ಎರಡು ದಿನ ಹಿಡಿಯಿತು. ಹೆಣ್ಣುಮಕ್ಕಳ ತಂದೆತಾಯಿಗಳು ಈ ಸಂಚಿಕೆಯನ್ನು ಓದುವರಾದುದರಿಂದ ನಾನು ಅವಳಿಗೆ ಕೊಟ್ಟ ಉತ್ತರವನ್ನು ಹೇಳಬೇಕು. ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಗಂಟೆಗೆ ಹಿಂತಿರುಗುವೆ ಎಂಬುದನ್ನು ನನಗೆ ತಿಳಿಸಿ, ಬುಡದಲ್ಲಿ ಕಾವಲಿನವರಿಗೆ ಹೆಸರು ಕೊಟ್ಟು, ಹಗಲಿನಲ್ಲಿ ಏರಿ ಹಗಲಿನಲ್ಲಿ ಇಳಿಯುವುದಾದರೆ ಬಿಡುತ್ತೇನೆ ಎಂದೆನು. ನನಗೂ ಅದೇ ಕಟ್ಟಳೆಯನ್ನು ವಿಧಿಸಿದಳು. ನ್ಯಾಯವೇ.

ಈ ಪ್ರದೇಶವು 1987ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು ನೋಡಿಕೊಳ್ಳುವ ಅರಣ್ಯ ಇಲಾಖೆಯ ಕೈಯಲ್ಲಿದೆ. ಮಳೆಗಾಲದಲ್ಲಿ ಏರಗೊಡುವುದಿಲ್ಲ; ಉಳಿದ ಕಾಲದಲ್ಲಿ ಬುಡದಲ್ಲಿ ಹಣ ಕಟ್ಟಿ ಹೆಸರು ಬರೆಯಿಸಿ ಹೋಗಬೇಕು. ನಾನು ಹಿಂದಿನ ರಾತ್ರಿ ತಾಯಿಯವರ ಮನೆಯಲ್ಲಿದ್ದೆನು. ಅವರು ನಾಲ್ಕು ಗಂಟೆಗೆ ಎದ್ದು ಪುಂಡಿ ಬೇಯಿಸಿ, ಬಾಡಿಸಿದ ಬಾಳೆಯೆಲೆಯಲ್ಲಿ ಚಟ್ನಿಯೊಡನೆ ಕಟ್ಟಿಕೊಟ್ಟರು. ಅದರೊಡನೆ ಇನ್ನೊಂದು ವಸ್ತುವನ್ನೂ ಕೊಟ್ಟರು: ತಂದೆಯವರ ಕ್ಷೌರದ ದುಂಡು ಕನ್ನಡಿ. “ಹತ್ತು ಗಂಟೆಗೆ ತುದಿಯಲ್ಲಿ ನಿಂತು ನಮ್ಮ ಮನೆಯ ಕಡೆಗೆ ಇದನ್ನು ಹೊಳೆಯಿಸು. ನನಗೆ ಕಂಡರೆ ಬೆಂಕಿಗೆ ಹಸಿಸೊಪ್ಪು ಹಾಕಿ ಹೊಗೆ ಎಬ್ಬಿಸುತ್ತೇನೆ” ಎಂದರು. ಚಿಕ್ಕಂದಿನಲ್ಲಿ ದನ ಕಾಯುವ ಹುಡುಗರು ಗುಡ್ಡದಿಂದ ಗುಡ್ಡಕ್ಕೆ ಹೀಗೆ ಕನ್ನಡಿಯ ಚೂರನ್ನು ಹೊಳೆಯಿಸುವುದನ್ನು ಅವರು ನೋಡಿದ್ದರಂತೆ. ಜೋಳಿಗೆಯಲ್ಲಿ ದೂರವಾಣಿಯಿದೆಯಲ್ಲ ಎಂದು ನಾನು ಹೇಳಿದೆನು. ಅವರು ತಲೆಯಲ್ಲಾಡಿಸಿದರು. ದೂರವಾಣಿಯಲ್ಲಿ ಮಂಗಳೂರಿನಲ್ಲಿದ್ದುಕೊಂಡು ಬೆಂಗಳೂರಿನಲ್ಲಿದ್ದೇನೆಂದು ಹೇಳಬಹುದು, ಕನ್ನಡಿಯಲ್ಲಿ ಹಾಗೆ ಆಗದು ಎಂಬುದು ಅವರ ವಾದ. ಅವರ ಒಂದು ಕಣ್ಣಿನ ಪೊರೆಯನ್ನು ಆ ವರ್ಷದ ಆಗಸ್ಟಿನಲ್ಲಿ ತೆಗೆದಿದ್ದರು. ಇನ್ನೊಂದು ಕಣ್ಣಿಗೆ ಬೆಳಕು ಕಂಡರೆ ಹೆಚ್ಚು. ಐದಾರು ಕಿಲೋಮೀಟರು ದೂರದ ಕಲ್ಲಿನ ಮೇಲಣ ಮಿಣುಕು ಅವರಿಗೆ ಕಾಣುವುದೋ ಇಲ್ಲವೋ ಎಂಬ ಅಳುಕು ನನಗೆ ಇತ್ತು. ಕಾಣದಿದ್ದರೆ ಅವರು ಬೆಂಗಳೂರಿಗೆ ಹೋಗುವ ದಿನದವರೆಗೆ ಅದನ್ನೇ ನೆನೆಯುವರೆಂಬುದೂ ತಿಳಿದಿತ್ತು.

ಮಂಜೊಟ್ಟಿಯವರೆಗೆ ಹೋಗಿ ಅಲ್ಲಿಂದ ನಡ ಗ್ರಾಮದ ಕಡೆಗೆ ತಿರುಗಿದಾಗ ಇನ್ನೂ ಏಳು ಗಂಟೆ ತುಂಬಿರಲಿಲ್ಲ. ಬುಡದ ಕಾವಲಿನ ಮನುಷ್ಯನು ನನ್ನ ಹಿಂದೆ ಇನ್ನಾರಾದರೂ ಬರುವರೋ ಎಂದು ದಾರಿಯನ್ನು ನೋಡಿ, “ಒಬ್ಬರೇಯಾ ಅಕ್ಕಾ?” ಎಂದು ಕೇಳಿದನು. ಹೌದೆಂದೆನು. ಹೆಸರು, ವಯಸ್ಸು ಬರೆದುಕೊಂಡನು. ವಯಸ್ಸನ್ನು ಬರೆದ ಮೇಲೆ ಮತ್ತೊಮ್ಮೆ ನೋಡಿದನು. “ಬಂಡೆಯ ಸಂದಿಯಲ್ಲಿ ಹೆಜ್ಜೇನು ಉಂಟು, ಕೂಗಬೇಡಿ, ಹೊಗೆ ಮಾಡಬೇಡಿ. ಹನ್ನೆರಡಕ್ಕೆ ಇಳಿಯಲು ತೊಡಗಿ. ಎರಡಕ್ಕೆ ಕಾಣದಿದ್ದರೆ ನಾನು ಬರುತ್ತೇನೆ” ಎಂದನು. ಇದಕ್ಕಿಂತ ಹೆಚ್ಚಿನ ಉಪದೇಶವನ್ನು ಅವನು ಮಾಡಲಿಲ್ಲ. ಒಬ್ಬಂಟಿಯಾದ ಹೆಂಗಸಿಗೆ ದಾರಿಯಲ್ಲಿ ದೊರೆಯತಕ್ಕ ಗೌರವವೆಂದರೆ ಇಷ್ಟೇ ಎಂದು ನನಗೆ ತೋರುತ್ತದೆ. ಇದು ಎಲ್ಲ ಕಡೆಯಲ್ಲಿಯೂ ದೊರೆಯುವುದಿಲ್ಲ.

ಮೊದಲಿನ ದಾರಿ ಮರಗಳ ನೆರಳಿನಲ್ಲಿ ಹೋಗುತ್ತದೆ. ನೆಲದಲ್ಲಿ ಒದ್ದೆಯ ತರಗೆಲೆಗಳು. ಬದಿಯಲ್ಲಿ ಕೇಪುಳದ ಕೆಂಪು ಗೊಂಚಲುಗಳು. ಮೆಟ್ಟಿಲುಗಳು ಅಲ್ಲಲ್ಲಿ ಬೇರುಗಳಿಂದ ಎದ್ದು ಓರೆಯಾಗಿವೆ. ಇವು ಒಟ್ಟು 1876 ಎಂದು ಹೇಳುವವರುಂಟು. ಅದಕ್ಕಿಂತ ಹೆಚ್ಚೆನ್ನುವವರೂ ಉಂಟು. ನಾನು ಎಣಿಸುತ್ತಾ ಹೋದೆನು. ನಾನೂರರ ಬಳಿಯಲ್ಲಿ ಒಂದು ಹಕ್ಕಿ ಸಿಳ್ಳು ಹಾಕಿತು. ಮನುಷ್ಯನೇ ಹಾಕಿದಂತಿದ್ದ ಆ ಸಿಳ್ಳನ್ನು ಕೇಳುತ್ತಾ ನಿಂತು ಲೆಕ್ಕವನ್ನು ಕೈಬಿಟ್ಟೆನು. ಎಣಿಕೆಯನ್ನು ಹಕ್ಕಿಗೆ ಬಿಟ್ಟುಕೊಟ್ಟದ್ದರಲ್ಲಿ ನಷ್ಟವೇನೂ ಆಗಲಿಲ್ಲ. ನಮ್ಮ ಶಾಲೆಯಲ್ಲಿ ಡ್ರಿಲ್ಲು ಕಲಿಸುತ್ತಿದ್ದ ಟೀಚರವರು ಏರುವಾಗ ಬಾಯಿ ಮುಚ್ಚಿ ಮೂಗಿನಿಂದ ಉಸಿರಾಡಬೇಕೆಂದೂ, ಮಾತಾಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಬೇಕೆಂದೂ ಹೇಳುತ್ತಿದ್ದರು. ಮಾತಾಡಲು ಜತೆಯಲ್ಲಿ ಯಾರೂ ಇಲ್ಲವಾದ ಕಾರಣ, ಐವತ್ತು ಮೆಟ್ಟಿಲಿಗೊಮ್ಮೆ ಎರಡರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿ ನನ್ನ ಉಸಿರನ್ನು ಪರೀಕ್ಷಿಸಿಕೊಂಡೆನು. ಹೆಜ್ಜೇನಿನ ಎಚ್ಚರಿಕೆಯನ್ನು ನೆನೆದು ಮೇಲೆ ಹೋದಂತೆ ಮಗ್ಗಿಯನ್ನು ಪಿಸುಮಾತಿಗೆ ಇಳಿಸಿದೆನು.

ಕಾಡು ತೆಳ್ಳಗಾಗಿ ಬರಿಯ ಬಂಡೆ ಬಂದಾಗ ಏರಿಕೆಯ ಸ್ವರೂಪವೇ ಬೇರೆಯಾಯಿತು. ಇಲ್ಲಿ ಮೆಟ್ಟಿಲುಗಳನ್ನು ಶಿಲೆಯಲ್ಲಿಯೇ ಕೊರೆದಿದ್ದಾರೆ. ಕೆಲವು ಒಂದು ಗೇಣು, ಕೆಲವು ಮೊಣಕಾಲೆತ್ತರ, ಒಂದರಂತೆ ಒಂದಿಲ್ಲ. ಒಂದು ಬದಿಯಲ್ಲಿ ಗೋಡೆಯಂತೆ ಕಲ್ಲು, ಇನ್ನೊಂದು ಬದಿಯಲ್ಲಿ ಗಾಳಿ. ಒಂದು ತಿರುವಿನಲ್ಲಿ ಬಂಡೆಯ ಒಳಗಿನಿಂದ ಒಸರುವ ನೀರು ಏಳೆಂಟು ಮೆಟ್ಟಿಲುಗಳ ಮೇಲೆ ಹರಿದು ಪಾಚಿ ಕಟ್ಟಿತ್ತು. ನಾನು ಅಲ್ಲಿ ನಿಂತೆನು. ಕೆಳಗಿನ ಮರಗಳ ತಲೆಗಳು ಎಲೆಕೋಸಿನಂತೆ ಕಾಣುತ್ತಿದ್ದವು. ಜಾರಿದರೆ ಹಿಡಿಯುವ ಕೈಯಿಲ್ಲ. ಕೂಗಿದರೆ ಕೇಳುವವರಿಲ್ಲ, ಕೂಗಲೂ ಬಾರದು. ಆ ಹೊತ್ತಿನಲ್ಲಿ ನನಗೆ ಧೈರ್ಯವೇನೂ ಬರಲಿಲ್ಲ, ಲೆಕ್ಕ ಬಂತು. ಎಂಟು ಮೆಟ್ಟಿಲು; ಬಲಗಡೆಯ ಕಲ್ಲಿನಲ್ಲಿ ಬೆರಳು ಹೊಗುವಷ್ಟು ಬಿರುಕು; ಗಂಟೆ ಎಂಟೂವರೆ; ಅವಸರವಿಲ್ಲ. ಪಾದರಕ್ಷೆಗಳನ್ನು ಕಳಚಿ ಜೋಳಿಗೆಗೆ ಹಾಕಿ ಸೆರಗನ್ನು ಸೊಂಟಕ್ಕೆ ಬಿಗಿದೆನು. ಬರಿಗಾಲಿನ ಬೆರಳುಗಳು ಪಾಚಿಯ ಕೆಳಗಿನ ಕಲ್ಲಿನ ಒರಟನ್ನು ತಾವಾಗಿ ಹುಡುಕಿಕೊಳ್ಳುತ್ತವೆ. ಇದು ಗದ್ದೆಯ ಹುಣಿಯ ಮೇಲೆ ನಡೆದು ಬೆಳೆದವರಿಗೆಲ್ಲ ಗೊತ್ತು. ಪ್ರತಿಯೊಂದು ಮೆಟ್ಟಿಲನ್ನೂ ಮೊದಲು ಕೈಯಿಂದ ಮುಟ್ಟಿ, ಆಮೇಲೆ ಕಾಲಿಟ್ಟು ಏರಿದೆನು. ನೋಡುವವರಿದ್ದರೆ ನಗುತ್ತಿದ್ದರು. ಒಬ್ಬಳೇ ಹೋಗುವುದರಲ್ಲಿ ಇಂಥ ಅನುಕೂಲಗಳೂ ಉಂಟು.

ಅಲ್ಲಿಂದ ಮುಂದೆ ಕೋಟೆಯ ಗೋಡೆಯ ಅವಶೇಷಗಳು ತೊಡಗುತ್ತವೆ. ಬಾಗಿಲಿದ್ದ ಎಡೆಯಲ್ಲಿ ನಿಂತು ಹಿಂದೆ ತಿರುಗಿ ನೋಡಿದರೆ ಏರಿ ಬರುವವನ ನೆತ್ತಿ ಇಲ್ಲಿಂದ ಕಾಣುವುದು. ಅವನಿಗೆ ಇಲ್ಲಿರುವವನು ಕಾಣನು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ತನ್ನ ಪ್ರವಾಸದ ಗ್ರಂಥದಲ್ಲಿ ಈ ಕೋಟೆಯ ವಿಷಯವನ್ನು ಬರೆದಿದ್ದಾನೆ. ಇಕ್ಕಟ್ಟಾದ ಒಂದೇ ದಾರಿಯಿರುವುದರಿಂದ ಏರುವುದು ಎಷ್ಟು ಕಷ್ಟವೋ, ಶತ್ರುವು ಕೆಳಗೆ ಕಾದಿರುವಾಗ ಇಳಿಯುವುದೂ ಅಷ್ಟೇ ಕಷ್ಟ. ಆದುದರಿಂದ ಸ್ವಲ್ಪ ಜನರೇ ಮೇಲಿನ ದೊಡ್ಡ ಪಡೆಯನ್ನು ಕಟ್ಟಿಹಾಕಬಹುದು ಎಂಬುದು ಅವನ ಅಭಿಪ್ರಾಯ. ಕೋಟೆ ಕಟ್ಟಿದವರು ಈ ಎರಡನೆಯ ಮಾತನ್ನು ಯೋಚಿಸಿದ್ದರೋ ಇಲ್ಲವೋ! 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಸುಲ್ತಾನನು ಮಡಿದ ಮೇಲೆಯೂ ಇಲ್ಲಿಯವರು ಕೆಲವು ಕಾಲ ಶರಣಾಗಲಿಲ್ಲ; ಕಡೆಗೆ ಅದೇ ವರ್ಷದಲ್ಲಿ ಕಂಪೆನಿಯ ಸೈನ್ಯವು ಕೋಟೆಯನ್ನು ಹಿಡಿಯಿತು. ತರುವಾಯ ತಿಮ್ಮನಾಯಕನೆಂಬವನು ಇದನ್ನು ಹಠಾತ್ತಾಗಿ ವಶಪಡಿಸಿಕೊಂಡನೆಂದೂ, ಕಂಪೆನಿಯವರು ಕೆಳಗೆ ಕುಳಿತು ದಾರಿ ಕಟ್ಟಿ ಪುನಃ ಪಡೆದರೆಂದೂ ಚರಿತ್ರಕಾರರು ಹೇಳುತ್ತಾರೆ. ದೊರೆಯು ಸತ್ತ ಸುದ್ದಿಯನ್ನು ಇಷ್ಟೆತ್ತರದಲ್ಲಿ ಕೇಳಿದವರ ಮನಸ್ಸು ಹೇಗಿದ್ದಿರಬಹುದೆಂದು ನಾನು ಆ ಬಾಗಿಲಿನ ಕಲ್ಲಿನ ಮೇಲೆ ಕುಳಿತು ಯೋಚಿಸಿದೆನು. ಅವರ ಊರುಗಳು ಘಟ್ಟದ ಆಚೆ ಇದ್ದಿರಬೇಕು. ಕೆಳಗೆ ಇಳಿದರೆ ಶತ್ರು. ಮೇಲೆ ಇದ್ದರೆ ಅಕ್ಕಿ ಮುಗಿಯುತ್ತದೆ.

ಅಕ್ಕಿಯ ಮಾತು ಬಂದುದರಿಂದ ತಾಯಿಯವರ ಪ್ರಶ್ನೆಗಳು ನೆನಪಾದವು. ಒಂಬತ್ತೂಕಾಲಕ್ಕೆ ನಾನು ತುದಿಯನ್ನು ಸೇರಿದೆನು. “ಏನೂ ಇಲ್ಲ” ಎಂದ ಎಡೆಯಲ್ಲಿ ಏನೇನಿತ್ತೆಂಬುದನ್ನು ಅವರಿಗೆ ಹೇಳಿದ ಹಾಗೆಯೇ ಇಲ್ಲಿಯೂ ಬರೆಯುತ್ತೇನೆ.

ನೀರು ಉಂಟು. ಮಳೆಯ ನೀರನ್ನು ಹಿಡಿಯುವ ಕೆರೆಯೊಂದು ಇದೆ. ನಾನು ನೋಡಿದಾಗ ಅದರ ನೀರು ಹಸುರಾಗಿತ್ತು. ಅದರ ಮೇಲೆ ನೀರ್ಜೇಡಗಳು ಓಡುತ್ತಿದ್ದವು. ವರ್ಷಕ್ಕೆ ಸುಮಾರು 4000 ಮಿಲ್ಲಿಮೀಟರು ಮಳೆ ಬೀಳುವ ಸೀಮೆಯಲ್ಲಿ ಬಂಡೆಯ ಮೇಲೆ ನೀರು ಹಿಡಿಯುವುದು ಆಶ್ಚರ್ಯವಲ್ಲ. ಅದನ್ನು ಮೇ ತಿಂಗಳಿನವರೆಗೆ ಉಳಿಸಿಕೊಳ್ಳುವುದೇ ಜಾಣತನ. ನೆರಳು ಸ್ವಲ್ಪ ಉಂಟು: ಗಾಳಿಗೆ ಬಾಗಿ ಕುಳ್ಳಾದ ಮರಗಳು, ಅವುಗಳ ಕೆಳಗೆ ಆಡಿನ ಬೆನ್ನಿನಷ್ಟು ಅಗಲದ ನೆರಳು. ಸೊಂಟದೆತ್ತರದ ಮುಳಿಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿ ಗಾಳಿಯಲ್ಲಿ ಒಂದೇ ಕಡೆಗೆ ಮಲಗುತ್ತಿತ್ತು. ತಾಯಿಯವರ ಕಾಲದಲ್ಲಿ ಮನೆಗಳಿಗೆ ಹೊದಿಸುತ್ತಿದ್ದ ಹುಲ್ಲು ಅದೇ. ಕೊಯ್ಯುವವರಿಲ್ಲದೆ ಅಲ್ಲಿ ಎಷ್ಟು ಮನೆಗಳ ಮಾಡು ನಿಂತೇ ಒಣಗುತ್ತಿದೆಯೋ! ಮದ್ದಿನ ಕೋಣೆಯೆಂದು ಹೇಳುವ ಮುರಿದ ಕಟ್ಟಡ ಇದೆ. ಬೇಯಿಸಿದ ಎಡೆ ಇದೇ ಎಂದು ಬೆರಳಿಟ್ಟು ತೋರಿಸುವಂಥ ಒಲೆಯ ಗುರುತನ್ನು ನಾನು ಕಾಣಲಿಲ್ಲ. ಆದರೆ ಗಾಳಿಯು ತಾಗದಂತೆ ಬಂಡೆಯ ಮರೆಯಲ್ಲಿ ಕುಳಿಯಂತಿದ್ದ ಎಡೆಯೊಂದಿತ್ತು. ನಾನು ಸಿಪಾಯಿಯಾಗಿದ್ದರೆ ಒಲೆಯನ್ನು ಅಲ್ಲಿಯೇ ಹೂಡುತ್ತಿದ್ದೆನು, ಕೆರೆಗೂ ದೂರವಿಲ್ಲ.

ಇನ್ನು ಅಕ್ಕಿಯನ್ನು ಹೊತ್ತವರು. ಕುದುರೆಯಾಗಲಿ ಎತ್ತಾಗಲಿ ಆ ಮೆಟ್ಟಿಲುಗಳನ್ನು ಹೊರೆಯೊಡನೆ ಏರಲಾರದೆಂದು ನನ್ನ ಅಭಿಪ್ರಾಯ. 100 ಮಂದಿಯ ಪಡೆಯಿತ್ತೆಂದು ಇಟ್ಟುಕೊಳ್ಳೋಣ. ತಲೆಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿಯೆಂದರೆ 50 ಕಿಲೋ. ಅಂದರೆ ದಿನವೂ ಇಬ್ಬರು ಗಟ್ಟಿಯಾಳುಗಳ ತಲೆಹೊರೆ. ಉಪ್ಪು, ಎಣ್ಣೆ, ಮದ್ದು, ಗುಂಡುಗಳ ಲೆಕ್ಕ ಬೇರೆ. ನಾನು ನೀರಿನ ಬಾಟಲಿಯನ್ನೂ ನಾಲ್ಕು ಪುಂಡಿಯನ್ನೂ ಹೊತ್ತು ಬಂದು ಬೆವರು ಒರಸುತ್ತಿದ್ದೆನು. ಆ ಹೊರೆಯವರ ಹೆಸರುಗಳನ್ನು ಯಾವ ಬುಕಾನನನೂ ಬರೆದಿಡಲಿಲ್ಲ. ಮೆಟ್ಟಿಲುಗಳ ನಡುಭಾಗವು ಅಲ್ಲಲ್ಲಿ ಸ್ವಲ್ಪ ತಗ್ಗಾಗಿ ನುಣುಪಾಗಿದೆ. ಅಷ್ಟೇ ಅವರ ಸಹಿ.

ಹತ್ತು ಗಂಟೆಗೆ ಹತ್ತು ನಿಮಿಷವಿರುವಾಗ ತೆಂಕುಬದಿಯ ಅಂಚಿನ ಹಿಂದೆ ಭದ್ರವಾದ ಎಡೆಯನ್ನು ನೋಡಿ ನಿಂತೆನು. ಪಡುವಲಿನಲ್ಲಿ ಬಂಟವಾಳದ ಕಡೆಗೆ ನೆಲವು ಮಂಜಿನಲ್ಲಿ ಕರಗಿಹೋಗಿತ್ತು. ಮೂಡಣದಲ್ಲಿ ಘಟ್ಟದ ಗೋಡೆ. ಅದು ಈಗ ತೀರ ಹತ್ತಿರ, ಮತ್ತು ನಾನು ನಿಂತ ಕಲ್ಲು ಅದರ ಮುಂದೆ ಒಂದು ಮೆಟ್ಟಿಲು ಮಾತ್ರ. ಕೆಳಗೆ ಅಡಿಕೆ ತೋಟಗಳ ಕಡುಹಸುರು, ರಬ್ಬರಿನ ತೋಟಗಳ ಮಾಸಲು ಹಸುರು, ಕೆಂಪು ರಸ್ತೆಗಳು. ನಮ್ಮ ಮನೆಯನ್ನು ಹುಡುಕುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಹುಟ್ಟಿದ ಮನೆಯನ್ನು ಇಷ್ಟು ದೂರದಿಂದ ಹುಡುಕುವ ಅಭ್ಯಾಸ ಯಾರಿಗಿದ್ದೀತು? ಕಡೆಗೆ ಶಾಲೆಯ ಉದ್ದನೆಯ ಹೆಂಚಿನ ಮಾಡನ್ನು ಹಿಡಿದು, ಅದರಿಂದ ಎಡಕ್ಕೆ ಗದ್ದೆಯ ಪಟ್ಟಿಯನ್ನು ದಾಟಿ, ಎರಡು ತಾಳೆಯ ಮರಗಳ ನಡುವೆ ಬೆರಳುಗುರಿನಷ್ಟು ಕೆಂಪನ್ನು ಕಂಡೆನು. ಅದೇ ಅಂಗಳ.

ಕನ್ನಡಿಯ ಬೆಳಕನ್ನು ದೂರಕ್ಕೆ ಗುರಿಯಿಡುವ ಉಪಾಯವನ್ನು ನಮ್ಮ ಶಾಲೆಯಲ್ಲಿಯೇ ವಿಜ್ಞಾನದ ಪಾಠದಲ್ಲಿ ಕಲಿತಿದ್ದೆವು. ಎಡಗೈಯನ್ನು ಚಾಚಿ ಬೆರಳಿನ ತುದಿಯು ಗುರಿಯ ಕೆಳಗೆ ತೋರುವಂತೆ ಹಿಡಿಯಬೇಕು. ಬಲಗೈಯ ಕನ್ನಡಿಯನ್ನು ಕಣ್ಣಿನ ಬಳಿಯಲ್ಲಿಟ್ಟು ಅದರ ಬೆಳಕು ಬೆರಳಿನ ತುದಿಗೆ ಬೀಳುವಂತೆ ಮಾಡಬೇಕು. ಆಮೇಲೆ ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿದರೆ ಬೆಳಕು ಗುರಿಯನ್ನು ಸವರಿಕೊಂಡು ಹೋಗುವುದು. ಹಾಗೆಯೇ ಮಾಡಿದೆನು. ಮೂರು ಸಲ ಹೊಳೆಯಿಸಿ ನಿಲ್ಲಿಸಿದೆನು. ಮತ್ತೆ ಮೂರು ಸಲ. ಅಂಗಳವು ಹಾಗೆಯೇ ಇತ್ತು. ಹತ್ತು ಗಂಟೆ ಕಳೆಯಿತು. ಒಂದು ತುಂಡು ಮೋಡವು ಸೂರ್ಯನನ್ನು ಮುಚ್ಚಿ, ಕಲ್ಲಿನ ಮೇಲೆಲ್ಲ ತಣ್ಣನೆಯ ಬೂದುಬಣ್ಣ ಇಳಿಯಿತು. ಮೋಡ ಸರಿಯುವವರೆಗೆ ನಾನು ಕನ್ನಡಿಯನ್ನು ಸೆರಗಿನಿಂದ ಒರಸುತ್ತಾ ಕುಳಿತೆನು. ಆಗ ಅದರಲ್ಲಿ ನನ್ನ ಮುಖ ಕಂಡಿತು: ಕೆದರಿದ ನರೆಗೂದಲು, ಹಣೆಯಲ್ಲಿ ಪಾಚಿಯ ಗೀಟು. ತಂದೆಯವರು ಐವತ್ತು ವರ್ಷ ತಮ್ಮ ಮುಖವನ್ನು ನೋಡಿಕೊಂಡ ಕನ್ನಡಿಯದು.

ಬಿಸಿಲು ಬಂದ ಮೇಲೆ ಮತ್ತೆ ತೊಡಗಿದೆನು. ಆರನೆಯ ಸಲವೋ ಏಳನೆಯ ಸಲವೋ ನೆನಪಿಲ್ಲ, ಕೈ ಸೋತಿತ್ತು. ಆಗ ಎರಡು ತಾಳೆಯ ಮರಗಳ ನಡುವಿನಿಂದ ಒಂದು ಬಿಳಿಯ ನೂಲು ಎದ್ದಿತು. ಅದು ಬೆಳೆದು ದಪ್ಪವಾಗಿ, ತೋಟದ ತಲೆಯನ್ನು ದಾಟಿದ ಮೇಲೆ ಗಾಳಿಗೆ ಸಿಕ್ಕಿ ಪಡುವಲಿಗೆ ಬಾಗಿತು. ಬೇರೆ ಯಾವ ಅಂಗಳದಲ್ಲಿಯೂ ಹೊಗೆಯಿರಲಿಲ್ಲ. ನಾನು ನಿಂತಲ್ಲಿಯೇ ಕುಳಿತುಬಿಟ್ಟೆನು. ಅಲ್ಲಿ ಕೂಗಬಾರದೆಂಬ ಕಟ್ಟಳೆಯನ್ನು ಪಾಲಿಸುವುದು ಆ ಹೊತ್ತಿನಲ್ಲಿ ಬಹಳ ಕಷ್ಟವಾಯಿತು. ಆ ಹೊಗೆ ನಿಲ್ಲುವವರೆಗೆ ನೋಡಿ, ಪುಂಡಿಯ ಕಟ್ಟನ್ನು ಬಿಚ್ಚಿದೆನು.

ಇಳಿಯುವುದರ ವಿಷಯ ಹೆಚ್ಚು ಬರೆಯಬೇಕಾದುದಿಲ್ಲ. ಬುಕಾನನನ ಮಾತು ಸತ್ಯ. ಶತ್ರುವಿಲ್ಲದಿದ್ದರೂ ಮೊಣಕಾಲುಗಳು ಆ ಕೆಲಸವನ್ನು ಮಾಡುತ್ತವೆ. ಪಾಚಿಯ ಮೆಟ್ಟಿಲುಗಳನ್ನು ಕುಳಿತುಕೊಂಡೇ ಇಳಿದೆನು. ಒಂದು ಗಂಟೆಗೆ ಮುಂಚೆ ಕಾವಲಿನವನ ಮುಂದೆ ನಿಂತಾಗ ಅವನು ಪುಸ್ತಕದಲ್ಲಿ ಗಂಟೆಯನ್ನು ಬರೆದು, “ನಮ್ಮ ಅಮ್ಮ ಇಲ್ಲಿಯೇ ಕೆಳಗೆ ಇರುವುದು, ಅವರು ಒಮ್ಮೆಯೂ ಹತ್ತಲಿಲ್ಲ” ಎಂದನು.

ತಾಯಿಯವರು ಬಾಗಿಲಲ್ಲಿಯೇ ಬೆಲ್ಲ ನೀರು ಹಿಡಿದು ನಿಂತಿದ್ದರು. ಮೈಯೆಲ್ಲ ಹೊಗೆಯ ವಾಸನೆ. ಎರಡನೆಯ ಸಲದಲ್ಲಿಯೇ ಅವರಿಗೆ ಮಿಣುಕು ಕಂಡಿತ್ತಂತೆ. ಬೆಂಕಿಗೆ ಹಾಕಿದ ಗರಿಗಳು ಮಂಜಿನಿಂದ ಒದ್ದೆಯಾಗಿ ಹೊತ್ತಿಕೊಳ್ಳದೆ ತಡವಾಯಿತಂತೆ. “ನೀನು ಹೊಳೆಯಿಸುತ್ತಲೇ ಇದ್ದೆ, ನಾನು ಊದುತ್ತಲೇ ಇದ್ದೆ” ಎಂದು ನಕ್ಕರು. ಆ ಸಾಯಂಕಾಲವೆಲ್ಲ ಅವರು ಕೇಳಿದರು, ನಾನು ಹೇಳಿದೆನು: ಕೆರೆಯ ಅಗಲ, ಮೆಟ್ಟಿಲಿನ ಎತ್ತರ, ಮುಳಿಹುಲ್ಲು, ಹೊರೆಯ ಲೆಕ್ಕ. ಹೊರೆಯ ಲೆಕ್ಕವನ್ನು ಎರಡು ಸಲ ಹೇಳಿಸಿ, ತೆಂಗಿನಕಾಯಿ ಬಿಟ್ಟುಹೋಯಿತೆಂದು ತಿದ್ದಿದರು. ಸುಲ್ತಾನನು ಕೋಟೆಗೆ ತನ್ನ ತಾಯಿಯ ಹೆಸರಿಟ್ಟನಂತೆ ಎಂಬುದನ್ನು ಕೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೆಸರಿಟ್ಟದ್ದು ಸರಿ. ಆಕೆಯನ್ನು ಒಮ್ಮೆಯಾದರೂ ಹತ್ತಿಸಿದನೋ?” ಎಂದು ಕೇಳಿದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ, ಅಲ್ಲಿಂದ ನಮ್ಮ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಕೇಳಿದರು. ನಾನು ಕಿರುಬೆರಳಿನ ಉಗುರನ್ನು ತೋರಿಸಿದೆನು. ಅವರು ನನ್ನ ಕೈಯನ್ನು ಹತ್ತಿರಕ್ಕೆ ಎಳೆದು, ಪೊರೆ ತೆಗೆದ ಕಣ್ಣಿನಿಂದ ಆ ಉಗುರನ್ನು ನೋಡಿ, “ಅಷ್ಟೇಯೋ? ಹಾಗಾದರೆ ಪೆಟ್ಟಿಗೆಯಲ್ಲಿ ಹಿಡಿದೀತು” ಎಂದು ಹೇಳಿ, ದೀಪ ಹಚ್ಚಲು ಒಳಗೆ ಹೋದರು.